ಆರು ವರ್ಷ ಹೋಗಿಬಂದ ಚಿಕಿತ್ಸಾ ಕೇಂದ್ರದ ಬಗ್ಗೆ

ಬಾಲ್ಯದಲ್ಲಿ ದೌರ್ಜನ್ಯಕ್ಕೆ ಒಳಗಾಗಿ ಬೆಳೆದವರಿಗೆ ದೀರ್ಘಕಾಲದ ಮನೋಚಿಕಿತ್ಸೆ ನೀಡುವ ಒಂದು ಸಣ್ಣ ಕೇಂದ್ರಕ್ಕೆ ನಾನು ಆರು ವರ್ಷಗಳಿಂದ ಹೋಗುತ್ತಿದ್ದೇನೆ. ಹೆಚ್ಚಿನ ಕಾಲ ವಾರಕ್ಕೊಮ್ಮೆ, ನಡುವೆ ಸುಮಾರು ಒಂದು ವರ್ಷ ವಾರಕ್ಕೆರಡು ಸಲ. ಈ ವಿಮರ್ಶೆ ಆ ಸೇವೆಯನ್ನು ಕುರಿತದ್ದು. ಕೇಂದ್ರದ ಹೆಸರನ್ನಾಗಲಿ ನನ್ನ ಚಿಕಿತ್ಸಕಿಯ ಹೆಸರನ್ನಾಗಲಿ ಬರೆಯುವುದಿಲ್ಲ, ಏಕೆಂದರೆ ಆ ಹೆಸರಿನ ಹಿಂದೆಯೇ ನನ್ನ ಗುರುತೂ ಹೊರಬರುತ್ತದೆ. ಹೆಸರಿಲ್ಲದ ವಿಮರ್ಶೆಯಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಇಂಥ ಚಿಕಿತ್ಸೆ ಹುಡುಕುವವರು ಏನನ್ನು ಕಂಡರೆ ಕುಳಿತುಕೊಳ್ಳಬೇಕು, ಏನನ್ನು ಕಂಡರೆ ಎದ್ದು ಬರಬೇಕು ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ, ಮತ್ತು ಅದನ್ನು ಕಲಿಯುವುದಕ್ಕೆ ನಾನು ತೆತ್ತ ವರ್ಷಗಳು ಸಣ್ಣವಲ್ಲ. ದೌರ್ಜನ್ಯದ ವಿವರಗಳು ಈ ಬರಹದಲ್ಲಿ ಬರುವುದಿಲ್ಲ. ನನ್ನನ್ನು ನೋಡಿಕೊಳ್ಳಬೇಕಾಗಿದ್ದವರೇ ಅದನ್ನು ಮಾಡಿದರು, ನೆನಪುಗಳು ಗಟ್ಟಿಯಾಗುವ ವಯಸ್ಸಿಗೂ ಮೊದಲೇ ಅದು ಶುರುವಾಗಿತ್ತು ಎಂಬಷ್ಟು ತಿಳಿದರೆ ಸಾಕು.

ನನಗಿರುವ ಕಾಯಿಲೆಗೆ ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್, ಚಿಕ್ಕದಾಗಿ ಡಿಐಡಿ, ಎಂಬ ಹೆಸರು ಬಂದದ್ದು 1994ರಲ್ಲಿ, ಅಮೆರಿಕದ ಮನೋವೈದ್ಯರ ಸಂಘ ಪ್ರಕಟಿಸುವ ಮಾನಸಿಕ ಕಾಯಿಲೆಗಳ ಕೈಪಿಡಿಯ ನಾಲ್ಕನೆಯ ಆವೃತ್ತಿಯಲ್ಲಿ. 1980ರಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಅದನ್ನು ಬಹುವ್ಯಕ್ತಿತ್ವದ ಕಾಯಿಲೆ ಎಂದು ಕರೆಯಲಾಗಿತ್ತು. ಹೆಸರು ಬದಲಾಗಿದ್ದಕ್ಕೆ ಕಾರಣವಿದೆ. ಎಳೆಯ ಮಗುವಿಗೆ ‘ನಾನು’ ಎಂಬುದು ಹುಟ್ಟಿನಿಂದಲೇ ಒಂದಾಗಿ ಇರುವುದಿಲ್ಲ. ಹಸಿದ ನಾನು, ಹೆದರಿದ ನಾನು, ಆಡುವ ನಾನು ಎಂದು ಬಿಡಿಬಿಡಿಯಾಗಿರುವ ಸ್ಥಿತಿಗಳು, ಆರೈಕೆ ಮಾಡುವವರು ಒಂದೇ ತೆರನಾಗಿ ನಡೆದುಕೊಂಡಾಗ, ಕೆಲವು ವರ್ಷಗಳಲ್ಲಿ ಮೆಲ್ಲಗೆ ಹೆಣೆದುಕೊಳ್ಳುತ್ತವೆ. ಯಾರ ಕೈಯಿಂದ ಅನ್ನ ಬರಬೇಕೋ ಅದೇ ಕೈಯಿಂದ ಮತ್ತೆ ಮತ್ತೆ ಭಯವೂ ಬಂದಾಗ ಆ ಹೆಣಿಗೆ ನಡೆಯುವುದಿಲ್ಲ, ಏಕೆಂದರೆ ರಾತ್ರಿ ನಡೆದದ್ದನ್ನು ಬೆಳಗಿನ ಮಗು ತಿಳಿದಿದ್ದರೆ ಅದು ಆ ಮನೆಯಲ್ಲಿ ಬದುಕಲಾರದು. ಹಾಗಾಗಿ ಡಿಐಡಿ ಎಂದರೆ ಒಂದು ಮಡಕೆ ಒಡೆದು ಹಲವು ಚೂರಾದ ಕಥೆಯೆನ್ನುವುದಕ್ಕಿಂತ, ಹಸಿಮಣ್ಣು ಮಡಕೆಯಾಗುವ ಮೊದಲೇ ಗಾಲಿ ನಿಂತುಹೋದ ಕಥೆ ಎನ್ನುವುದು ಹತ್ತಿರದ ಮಾತು. ಜೊತೆಗೆ ಮರೆವು ಇರುತ್ತದೆ: ಮೈ ಹೋಗಿಬಂದ ಜಾಗದ ನೆನಪು ಮನಸ್ಸಿಗೆ ಇರುವುದಿಲ್ಲ. ನನ್ನ ಅಕ್ಷರವಲ್ಲದ ಅಕ್ಷರದಲ್ಲಿ ನನ್ನದೇ ಪುಸ್ತಕದಲ್ಲಿ ಬರೆದ ಪತ್ರಗಳು, ನಾನು ಆಡಿದೆನೆಂದು ಇತರರು ಆಣೆ ಮಾಡಿ ಹೇಳುವ ಮಾತುಗಳು, ಮಂಗಳವಾರದಿಂದ ನೇರವಾಗಿ ಶುಕ್ರವಾರಕ್ಕೆ ಬಂದು ನಿಂತ ವಾರಗಳು, ಇವು ನನಗೆ ಮೂವತ್ತು ದಾಟುವವರೆಗೂ ಎಲ್ಲರಿಗೂ ಆಗುವ ಸಂಗತಿಗಳೆಂದೇ ತೋರುತ್ತಿದ್ದವು.

ಅಧ್ಯಯನಗಳ ಪ್ರಕಾರ, ಈ ಕಾಯಿಲೆಯ ರೋಗಿಗಳು ಸರಿಯಾದ ರೋಗನಿರ್ಣಯ ಸಿಗುವ ಮೊದಲು ಸರಾಸರಿ 5ರಿಂದ 12.5 ವರ್ಷ ಮಾನಸಿಕ ಚಿಕಿತ್ಸೆಯಲ್ಲಿ ಕಳೆದಿರುತ್ತಾರೆ. ನನ್ನ ಲೆಕ್ಕ ಒಂಬತ್ತು. ಮೊದಲು ಖಿನ್ನತೆ ಎಂದರು, ಆಮೇಲೆ ಬೈಪೋಲಾರ್ ಎಂದರು, ಒಳಗೆ ದನಿಗಳು ಕೇಳುತ್ತವೆ ಎಂದು ಹೇಳಿದ ದಿನ ಸ್ಕಿಜೋಫ್ರೇನಿಯಾದ ಮಾತ್ರೆ ಬಂತು. ಅವರಲ್ಲಿ ಯಾರೂ ಕೆಟ್ಟವರಾಗಿರಲಿಲ್ಲ. ಬಾಲ್ಯದ ಬಗ್ಗೆ ಯಾರೂ ಕೇಳಲಿಲ್ಲ, ಅಷ್ಟೆ. ಕೇಳಿದ ಒಬ್ಬರು ಮಾತ್ರ ಅತಿಯಾಗಿ ಕೇಳಿದರು. ಎರಡನೆಯ ಭೇಟಿಯಲ್ಲಿಯೇ ಕಣ್ಣು ಮುಚ್ಚಿಸಿ, ಆ ಕೋಣೆಗೆ ಹಿಂದಿರುಗಿ ಏನು ಕಾಣುತ್ತದೆಂದು ಹೇಳಿ ಎಂದರು. ನಾನು ಹೇಳಿದೆನಂತೆ. ಆಮೇಲಿನ ನಾಲ್ಕು ದಿನ ನನಗೆ ಇಲ್ಲ, ಮತ್ತು ಐದನೆಯ ದಿನ ಕಣ್ಣು ತೆರೆದದ್ದು ಆಸ್ಪತ್ರೆಯಲ್ಲಿ. ಈಗಿನ ಕೇಂದ್ರದ ಬಗ್ಗೆ ಮುಂದೆ ನಾನು ಹೊಗಳಿ ಬರೆಯುವುದೆಲ್ಲವನ್ನೂ ಆ ನಾಲ್ಕು ದಿನಗಳ ಪಕ್ಕದಲ್ಲಿಟ್ಟು ಓದಬೇಕು.

ಮೊದಲ ಭೇಟಿಗೆ ನಾಲ್ಕು ತಿಂಗಳು ಕಾಯಬೇಕಾಯಿತು, ಇದು ಹೆಚ್ಚಾಯಿತು. ಆದರೆ ತಪಾಸಣೆಯ ಕ್ರಮ ಕಾದದ್ದನ್ನು ಸಾರ್ಥಕ ಮಾಡಿತು. ಮೊದಲಿಗೆ 28 ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. 1986ರಲ್ಲಿ ಈವ್ ಬರ್ನ್‌ಸ್ಟೈನ್ ಮತ್ತು ಫ್ರ್ಯಾಂಕ್ ಪಟ್ನಂ ರೂಪಿಸಿದ, ಡಿಸೋಸಿಯೇಷನ್, ಅಂದರೆ ನೆನಪು, ಅರಿವು, ‘ನಾನು’ ಎಂಬ ಭಾವ ಒಂದರಿಂದೊಂದು ಕಳಚಿಕೊಳ್ಳುವ ಅನುಭವಗಳನ್ನು ಅಳೆಯುವ ಪಟ್ಟಿ ಅದು. ನೂರರಲ್ಲಿ 30 ದಾಟಿದರೆ ಇನ್ನಷ್ಟು ತಪಾಸಣೆ ಬೇಕೆಂದು ಲೆಕ್ಕ; ನನ್ನ ಅಂಕ ಅದಕ್ಕಿಂತ ಬಹಳ ಮೇಲಿತ್ತು. ಅದನ್ನು ನೋಡಿ ಅವರು ಹೌಹಾರಲಿಲ್ಲ, ತೀರ್ಪನ್ನೂ ಕೊಡಲಿಲ್ಲ; ಇದು ಜರಡಿ ಮಾತ್ರ, ಜರಡಿಯ ಮೇಲೆ ಉಳಿದದ್ದು ಏನೆಂದು ಇನ್ನೂ ನೋಡಬೇಕು ಎಂದರು. ಅಪಸ್ಮಾರವಿದ್ದರೂ ಹೊತ್ತು ಕಾಣೆಯಾಗಬಹುದು ಎಂದು ನರರೋಗ ತಜ್ಞರ ಬಳಿ ಕಳುಹಿಸಿದರು. ಅದರ ಬಳಿಕ ಐದು ಭೇಟಿಗಳಲ್ಲಿ ವಿಸ್ತಾರವಾದ ಸಂದರ್ಶನ ನಡೆಯಿತು. ಆ ಐದರಲ್ಲಿ ಒಮ್ಮೆಯೂ ‘ನಿಮ್ಮೊಳಗೆ ಬೇರೆ ಯಾರಾದರೂ ಇದ್ದಾರೆಯೇ’ ಎಂದು ಕೇಳಲಿಲ್ಲ. ಕೊಂಡ ನೆನಪಿಲ್ಲದ ವಸ್ತುಗಳು ಮನೆಯಲ್ಲಿ ಸಿಗುತ್ತವೆಯೇ, ಪರಿಚಯವಿಲ್ಲದವರು ಪರಿಚಿತರಂತೆ ಮಾತನಾಡಿಸುತ್ತಾರೆಯೇ, ಚೆನ್ನಾಗಿ ಬರುವ ಕೌಶಲ ಕೆಲವೊಮ್ಮೆ ಕೈಕೊಡುತ್ತದೆಯೇ ಎಂದು ಕೇಳಿದರು. ಪ್ರಶ್ನೆಯೇ ಉತ್ತರವನ್ನು ಹೇಳಿಕೊಡದಂತೆ ಎಚ್ಚರ ವಹಿಸುತ್ತಿದ್ದದ್ದು ನನಗೆ ಆಗ ಗೊತ್ತಾಗಲಿಲ್ಲ. ರೋಗದ ಹೆಸರನ್ನು ಹೇಳಿದ ದಿನ ಅವರೇ ಇನ್ನೊಂದು ಮಾತನ್ನೂ ಸೇರಿಸಿದರು: ಈ ಹೆಸರು ನಿಮಗೆ ಉಪಯೋಗಕ್ಕೆ ಬರುವಷ್ಟು ದಿನ ಮಾತ್ರ ಇಟ್ಟುಕೊಳ್ಳಿ. ಅಪರೂಪದಲ್ಲಿ ಅಪರೂಪದ ಕಾಯಿಲೆಯೊಂದು ನನ್ನನ್ನೇ ಹುಡುಕಿ ಬಂದಿದೆ ಎಂಬ ನನ್ನ ಎಣಿಕೆಯನ್ನೂ ಅಂದೇ ತಿದ್ದಿದರು. ಸಮುದಾಯದಲ್ಲಿ ನಡೆದ ಅಧ್ಯಯನಗಳು ಸೂಚಿಸುವ ಪ್ರಮಾಣ ಸುಮಾರು ಶೇಕಡಾ 1ರಿಂದ 1.5.

ಇನ್ನು ಚಿಕಿತ್ಸೆ. ಆಘಾತದ ಚಿಕಿತ್ಸೆಯನ್ನು ಹಂತಗಳಲ್ಲಿ ನಡೆಸಬೇಕೆಂಬ ವಿಚಾರ ಹೊಸದಲ್ಲ. ಫ್ರಾನ್ಸಿನ ಮನೋವಿಜ್ಞಾನಿ ಪಿಯರ್ ಜಾನೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಆ ದಾರಿ ಹಿಡಿದಿದ್ದರು. ಈ ಕಾಯಿಲೆಯ ಚಿಕಿತ್ಸೆಗೆಂದು 2011ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಮೂರು ಹಂತಗಳನ್ನು ಹೇಳುತ್ತದೆ: ಮೊದಲು ಸುರಕ್ಷತೆ ಮತ್ತು ಸ್ಥಿರತೆ, ಆಮೇಲೆ ನೆನಪುಗಳನ್ನು ಎದುರಿಸುವುದು, ಕೊನೆಗೆ ಭಾಗಗಳನ್ನು, ಅಂದರೆ ಹೆಣೆದುಕೊಳ್ಳದೆ ಬಿಡಿಯಾಗಿ ಉಳಿದ ಆ ‘ನಾನು’ಗಳನ್ನು, ಕೂಡಿಸಿಕೊಂಡು ಬದುಕನ್ನು ಕಟ್ಟಿಕೊಳ್ಳುವುದು. ಕಾಗದದ ಮೇಲೆ ಇದು ಮೂರು ಸಾಲು. ನನ್ನ ಮೊದಲ ಹಂತ ಒಂದು ವರ್ಷ ಹತ್ತು ತಿಂಗಳು ಹಿಡಿಯಿತು, ಮತ್ತು ಆ ಅವಧಿಯಲ್ಲಿ ಬಹುಪಾಲು ದಿನ ನಾನು ಈ ಸೇವೆಯನ್ನು ಒಂದು ಮೋಸವೆಂದೇ ನಂಬಿದ್ದೆ. ಹಳೆಯದನ್ನು ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ನನ್ನ ಚಿಕಿತ್ಸಕಿ ನಿದ್ರೆಯ ಬಗ್ಗೆ ಕೇಳುತ್ತಿದ್ದರು. ನಿದ್ರೆ ಎಷ್ಟು ಹೊತ್ತಿಗೆ, ಬಾಗಿಲಿನ ಚಿಲಕ ಯಾರು ಹಾಕುತ್ತಾರೆ, ಕೈ ಕುಯ್ದುಕೊಳ್ಳುವ ಮನಸ್ಸಾದಾಗ ಮೊದಲ ಹತ್ತು ನಿಮಿಷ ಏನು ಮಾಡುತ್ತೀರಿ, ನಿಮಗೆ ನೋವು ಮಾಡಿದವರೊಂದಿಗೆ ಈಗಲೂ ಫೋನಿನಲ್ಲಿ ಮಾತನಾಡುತ್ತೀರಾ, ಆ ಫೋನಿನ ಮರುದಿನ ಏನಾಗುತ್ತದೆ. ಪಾದವನ್ನು ನೆಲಕ್ಕೆ ಒತ್ತಿ ಇವತ್ತಿನ ತಾರೀಕನ್ನು ಜೋರಾಗಿ ಹೇಳುವುದು, ಕಾಣುವ ಐದು ವಸ್ತುಗಳ ಹೆಸರು ಹೇಳುವುದು, ಕೈಯನ್ನು ನೋಡಿಕೊಂಡು ಇದು ದೊಡ್ಡವರ ಕೈ ಎಂದು ಒಳಗಿನವರಿಗೆ ತೋರಿಸುವುದು, ಇವೇ ಅಭ್ಯಾಸಗಳು ನೂರಾರು ಸಲ. ಹಲ್ಲುನೋವಿಗೆ ಹೋದವನಿಗೆ ಉಗುರು ಕತ್ತರಿಸಿ ಕಳುಹಿಸಿದಂತಾಗಿತ್ತು. ಆದರೆ ಹದಿನೆಂಟನೆಯ ತಿಂಗಳ ಹೊತ್ತಿಗೆ ಕಾಣೆಯಾಗುವ ದಿನಗಳು ಕಾಣೆಯಾಗುವ ಗಂಟೆಗಳಾದವು. ನೆನಪನ್ನು ಮುಟ್ಟದೆಯೇ ಇಷ್ಟಾದದ್ದನ್ನು ಕಂಡಾಗ, ಮೊದಲಿನವರು ಎರಡನೆಯ ಭೇಟಿಯಲ್ಲಿ ಮಾಡಿದ್ದು ಎಂಥ ಕೆಲಸ ಎಂದು ನನಗೆ ತಿಳಿಯಿತು.

ಎರಡನೆಯ ಹಂತದಲ್ಲಿಯೂ ಕೈಗಡಿಯಾರ ಅವರ ಕೈಯಲ್ಲಿಯೇ ಇರುತ್ತಿತ್ತು. ರಿಚರ್ಡ್ ಕ್ಲಫ್ಟ್ ಎಂಬ ಮನೋವೈದ್ಯರು ಹೇಳಿದ ಮೂರನೆಯ ಒಂದರ ನಿಯಮವನ್ನು ಅವರು ಬಿಗಿಯಾಗಿ ಪಾಲಿಸುತ್ತಿದ್ದರು: ಕಷ್ಟದ ವಿಷಯಕ್ಕೆ ಕೈಹಾಕುವುದಾದರೆ ಭೇಟಿಯ ಮೊದಲ ಮೂರನೆಯ ಒಂದು ಭಾಗದಲ್ಲಿಯೇ ಕೈಹಾಕಬೇಕು, ನಡುವಿನ ಭಾಗದಲ್ಲಿ ಕೆಲಸ, ಕೊನೆಯ ಭಾಗವನ್ನು ಇವತ್ತಿಗೆ ಮರಳುವುದಕ್ಕೆಂದೇ ಮೀಸಲಿಡಬೇಕು. ನಲವತ್ತನೆಯ ನಿಮಿಷದಲ್ಲಿ ನಾನು ಮಹತ್ವದ್ದೇನನ್ನೋ ಹೇಳಲು ಹೊರಟರೆ ತಡೆದು, ಅದನ್ನು ಮುಂದಿನ ವಾರಕ್ಕೆ ಬರೆದಿಟ್ಟುಕೊಳ್ಳುತ್ತಿದ್ದರು, ಮತ್ತು ಮುಂದಿನ ವಾರ ಮರೆಯದೆ ತೆಗೆಯುತ್ತಿದ್ದರು. ಭೇಟಿ ಮುಗಿದ ಮೇಲೆ ಎದುರಿನ ಖಾಲಿ ಕೋಣೆಯಲ್ಲಿ ಅರ್ಧ ಗಂಟೆ ಕುಳಿತು, ಸ್ವಾಗತಕಾರರೊಂದಿಗೆ ಎರಡು ಮಾತನಾಡಿ, ತಾರೀಕು ಸರಿಯಾಗಿ ಹೇಳಿದ ಮೇಲೆಯೇ ಗಾಡಿಯ ಬೀಗದ ಕೈ ನನಗೆ ಸಿಗುತ್ತಿತ್ತು. ಈ ಏರ್ಪಾಟಿಗೆ ಮೊದಲ ತಿಂಗಳಲ್ಲಿಯೇ ನಾನು ಸಹಿ ಮಾಡಿದ್ದೆ. ಸಹಿ ಮಾಡಿದ್ದು ನನಗೆ ನೆನಪಿರಲಿಲ್ಲ. ಅದನ್ನೂ ನಿರೀಕ್ಷಿಸಿ ಪ್ರತಿಯನ್ನು ಕಡತದಲ್ಲಿಟ್ಟಿದ್ದರು.

ಈ ಸೇವೆಯಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಒಂದು ಸರ್ವನಾಮದ ವಿಷಯ. ಕನ್ನಡದಲ್ಲಿ ಮಾತನಾಡುವವರಿಗೆ ‘ನೀನು’ ಮತ್ತು ‘ನೀವು’ಗಳ ನಡುವೆ ಆರಿಸದೆ ಒಂದು ವಾಕ್ಯವನ್ನೂ ಮುಗಿಸಲಾಗದು. ಅವರು ನನ್ನನ್ನು ‘ನೀವು’ ಎನ್ನುತ್ತಿದ್ದರು. ಒಂದು ದಿನ, ಸುಮಾರು ಆರು ವರ್ಷದ ಮಗುವಿನಂತಿರುವ ಒಂದು ಭಾಗ ಮುಂದೆ ಬಂದು, ಅಂದರೆ ಮೈಯ ಹಿಡಿತ ತೆಗೆದುಕೊಂಡು, ಕುರ್ಚಿಯ ಮೇಲೆ ಕಾಲು ಮಡಚಿ ಕುಳಿತಾಗಲೂ ಅವರು ‘ನೀವು’ ಎಂದೇ ಮಾತನಾಡಿಸಿದರಂತೆ, ಆ ಮಗು ತನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿತಂತೆ. ಅವರು ತಪ್ಪನ್ನು ಒಪ್ಪಿ, ನಿನ್ನನ್ನು ಹೇಗೆ ಕರೆಯಲಿ ಎಂದು ಕೇಳಿದರು. ಹದಿನೈದು ವಯಸ್ಸಿನ ಇನ್ನೊಂದು ಭಾಗಕ್ಕೆ ಇದೇ ‘ನೀನು’ ಬಳಸಿದಾಗ ಅದು ಬಾಗಿಲು ಬಡಿದು ಹೊರಟಿತು, ಏಕೆಂದರೆ ಅದನ್ನು ಏಕವಚನದಲ್ಲಿ ಕರೆದವರೆಲ್ಲ ಅದಕ್ಕೆ ನೋವು ಮಾಡಿದವರೇ. ಅಂದಿನಿಂದ ಪ್ರತಿಯೊಂದು ಭಾಗವನ್ನೂ ಅದು ಒಪ್ಪಿದ ರೀತಿಯಲ್ಲಿಯೇ ಕರೆಯುತ್ತಾರೆ. ಯಾರು ಬಂದಿದ್ದಾರೆಂದು ತಿಳಿಯದಾಗ ಊಹಿಸುವುದಿಲ್ಲ, ಕೇಳುತ್ತಾರೆ. ಆದರೆ ಅಷ್ಟಕ್ಕೆ ಯಾರನ್ನೂ ಬೇರೆಯೇ ಮನುಷ್ಯರನ್ನಾಗಿ ಮಾಡುವುದಿಲ್ಲ; ಮಗು ಮಾಡಿದ ಸಾಲಕ್ಕೂ ಕೋಪಿಷ್ಠ ಭಾಗ ಬರೆದ ಪತ್ರಕ್ಕೂ ಹೊಣೆ ನಮ್ಮೆಲ್ಲರದು ಎಂಬುದನ್ನು ಅವರು ಒಮ್ಮೆಯೂ ಸಡಿಲಿಸಲಿಲ್ಲ. ‘ಅದು ನಾನು ಮಾಡಿದ್ದಲ್ಲ’ ಎಂದು ನಾನು ಹೇಳಿದಾಗಲೆಲ್ಲ, ‘ಸರಿ, ನಿಮ್ಮಲ್ಲಿ ಯಾರು ಮಾಡಿದರೋ ಅವರೊಡನೆ ಮಾತನಾಡಿ, ಸರಿಪಡಿಸುವ ದಾರಿ ಹುಡುಕಿ’ ಎನ್ನುತ್ತಿದ್ದರು.

ಆ ಕೋಪಿಷ್ಠ ಭಾಗದ ಬಗ್ಗೆ ಇನ್ನಷ್ಟು ಬರೆಯಬೇಕು, ಏಕೆಂದರೆ ಚಿಕಿತ್ಸಕರ ಯೋಗ್ಯತೆ ತಿಳಿಯುವುದು ಅಲ್ಲಿ. ಡಿಐಡಿ ಇರುವ ಅನೇಕರಲ್ಲಿ ದೌರ್ಜನ್ಯ ಎಸಗಿದವರ ದನಿಯನ್ನೇ ಆಡುವ, ಅವರ ಮಾತುಗಳಿಂದಲೇ ಒಳಗಿನವರನ್ನು ಹೆದರಿಸುವ ಒಂದು ಭಾಗ ಇರುತ್ತದೆ. ನನ್ನಲ್ಲಿರುವುದನ್ನು ಕಾವಲು ಎಂದು ಕರೆಯುತ್ತೇವೆ, ಆ ಹೆಸರು ಆಮೇಲೆ ಬಂದದ್ದು. ಮೊದಲು ಅದಕ್ಕೆ ಇದ್ದ ಹೆಸರನ್ನು ಬರೆಯುವಂತಿಲ್ಲ. ಮಾತನಾಡಿದರೆ ಸಾಯಿಸುತ್ತೇನೆ ಎಂದು ಅದು ಒಳಗಿನಿಂದ ಹೇಳುತ್ತಿತ್ತು, ಹೇಳಿದಂತೆ ಎರಡು ಸಲ ಪ್ರಯತ್ನವನ್ನೂ ಮಾಡಿತ್ತು. ಅದನ್ನು ಹೊರಗೆ ಹಾಕಿ ಎಂದು ನಾನು ಬೇಡಿಕೊಂಡೆ. ಅವರು ಹೊರಗೆ ಹಾಕಲಿಲ್ಲ. ಅದು ಮುಂದೆ ಬಂದು ಅವರನ್ನು ಬೈದ ದಿನ, ಈ ಮಕ್ಕಳು ಬಾಯಿಬಿಟ್ಟರೆ ಹಿಂದೆ ಏನಾಗುತ್ತಿತ್ತೆಂದು ನಿಮಗೆ ಗೊತ್ತಿದೆ, ಹಾಗಾಗಿ ಬಾಯಿ ಮುಚ್ಚಿಸುವ ಕೆಲಸವನ್ನು ಇಷ್ಟು ವರ್ಷ ಒಬ್ಬರೇ ಮಾಡಿದ್ದೀರಿ, ದಣಿದಿರಬೇಕು ಎಂದರು. ಅದು ಉತ್ತರ ಕೊಡಲಿಲ್ಲ. ಮುಂದಿನ ಎಂಟು ತಿಂಗಳು ಅವರು ಪ್ರತಿ ಭೇಟಿಯ ಆರಂಭದಲ್ಲಿ ಅದರ ಒಪ್ಪಿಗೆ ಕೇಳಿದರು, ಅದು ಬೇಡವೆಂದ ದಿನ ನೆನಪಿನ ಕೆಲಸವನ್ನು ನಿಜವಾಗಿಯೂ ನಿಲ್ಲಿಸಿದರು. ಈಗ ನನ್ನ ಗುಳಿಗೆಗಳ ಪೆಟ್ಟಿಗೆಯ ಲೆಕ್ಕ ಇಡುವುದು ಅದೇ.

ನೆನಪು ನಿಜವೋ ಸುಳ್ಳೋ ಎಂಬ ಪ್ರಶ್ನೆಯಲ್ಲಿಯೂ ಅವರು ಅದೇ ಸಂಯಮ ತೋರಿದರು. ಈ ಕ್ಷೇತ್ರದಲ್ಲಿ 1990ರ ದಶಕದಲ್ಲಿ ದೊಡ್ಡ ಜಗಳ ನಡೆದಿದೆ; ಸಂಮೋಹನ ಮತ್ತು ಒತ್ತಾಯದ ಪ್ರಶ್ನೆಗಳಿಂದ ನಡೆಯದ ಘಟನೆಗಳ ನೆನಪುಗಳು ಹುಟ್ಟಬಲ್ಲವು ಎಂಬುದು ಸುಳ್ಳು ಆಪಾದನೆಯಲ್ಲ, ಹಾಗೆಯೇ ದೌರ್ಜನ್ಯವೆಲ್ಲ ಚಿಕಿತ್ಸಕರು ಹುಟ್ಟಿಸಿದ ಕಥೆ ಎಂಬುದೂ ನಿಲ್ಲುವ ಮಾತಲ್ಲ. ಡಿಐಡಿ ಎಂಬುದೇ ನಾಟಕ ಅಥವಾ ಸಲಹೆಯ ಫಲ ಎನ್ನುವ ವಿದ್ವಾಂಸರು ಈಗಲೂ ಇದ್ದಾರೆ, ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹನ್ನೊಂದನೆಯ ಆವೃತ್ತಿ, 2022ರ ಜನವರಿಯಿಂದ ಜಾರಿಯಲ್ಲಿರುವುದು, ಅದನ್ನು ಸ್ಪಷ್ಟವಾಗಿ ಸೇರಿಸಿಕೊಂಡಿದ್ದರೂ. ನನ್ನ ಚಿಕಿತ್ಸಕಿ ಸಂಮೋಹನ ಬಳಸಲಿಲ್ಲ, ನಾನು ಹೇಳಿದ್ದಕ್ಕೆ ಒಂದು ಎಳೆಯನ್ನೂ ಸೇರಿಸಲಿಲ್ಲ. ‘ಇದು ನಡೆದಿತ್ತೆಂದು ನೀವು ನಂಬುತ್ತೀರಾ’ ಎಂದು ನಾನು ಪೀಡಿಸಿದಾಗ, ನಾನು ಅಲ್ಲಿರಲಿಲ್ಲ, ನಿಮ್ಮ ಮೈ ಯಾವುದಕ್ಕೋ ಹೆದರುತ್ತದೆ ಎಂಬುದನ್ನು ಮಾತ್ರ ಕಣ್ಣಾರೆ ಕಾಣುತ್ತಿದ್ದೇನೆ ಎಂದರು. ಆ ದಿನ ಅದು ನನಗೆ ವಿಶ್ವಾಸಘಾತದಂತೆ ತೋರಿತು. ಬಂಧುವೊಬ್ಬರು ತಾವಾಗಿಯೇ ಒಂದು ಸಂಗತಿಯನ್ನು ಒಪ್ಪಿಕೊಂಡಾಗ, ಆ ನೆನಪಿನಲ್ಲಿ ಚಿಕಿತ್ಸಕಿಯ ಕೈಗುರುತು ಒಂದೂ ಇರಲಿಲ್ಲವೆಂಬುದು ನನಗೆ ಎಷ್ಟು ದೊಡ್ಡ ಆಸರೆಯಾಯಿತೆಂದು ಹೇಳಲಾರೆ.

ದೂರುಗಳೂ ಇವೆ. ಭೇಟಿಯನ್ನು ಒಂದು ದಿನ ಮೊದಲು ರದ್ದುಪಡಿಸದಿದ್ದರೆ ಪೂರ್ತಿ ಶುಲ್ಕ ಎಂಬುದು ಕೇಂದ್ರದ ನಿಯಮ. ಎರಡನೆಯ ವರ್ಷದಲ್ಲಿ ಕಾವಲು ನನ್ನ ಫೋನಿನಿಂದ ಬೆಳಗಿನ ಜಾವ ಸಂದೇಶ ಕಳುಹಿಸಿ ಮೂರು ವಾರಗಳ ಭೇಟಿಗಳನ್ನು ರದ್ದುಮಾಡಿತು. ಮೊದಲನೆಯದಕ್ಕೆ ಶುಲ್ಕ ಹಾಕಿದರು, ಉಳಿದ ಎರಡು ಸಮಯಗಳನ್ನು ಬೇರೆಯವರಿಗೆ ಕೊಟ್ಟರು, ನಾನು ಏನೂ ತಿಳಿಯದೆ ಹೋಗಿ ಬಾಗಿಲಲ್ಲಿ ನಿಂತೆ. ಮರೆವೇ ಲಕ್ಷಣವಾಗಿರುವ ಕಾಯಿಲೆಗೆ ಚಿಕಿತ್ಸೆ ಕೊಡುವ ಜಾಗ ಇದನ್ನು ಮೊದಲೇ ಯೋಚಿಸಿರಬೇಕಿತ್ತು. ಈಗ ರದ್ದತಿಯ ಸಂದೇಶ ಹೋದರೆ ಮಧ್ಯಾಹ್ನ ಅವರೇ ಫೋನ್ ಮಾಡಿ ಖಚಿತಪಡಿಸಿಕೊಳ್ಳುತ್ತಾರೆ, ಆದರೆ ಆ ಶುಲ್ಕ ಹಿಂದಿರುಗಲಿಲ್ಲ. ಚಿಕಿತ್ಸಕಿ ರಜೆಯ ಮೇಲೆ ಹೋದಾಗ ಬದಲಿಗೆ ಕೊಡುವವರು ಡಿಐಡಿಯನ್ನು ಪುಸ್ತಕದಲ್ಲಿ ಮಾತ್ರ ಬಲ್ಲವರು. ರಾತ್ರಿಯ ತುರ್ತಿಗೆ ಕೇಂದ್ರದಲ್ಲಿ ವ್ಯವಸ್ಥೆಯೇ ಇಲ್ಲ. ಆಸ್ಪತ್ರೆಗೆ ಹೋಗಿ ಎನ್ನುತ್ತಾರೆ, ಅಲ್ಲಿ ತೋರಿಸಲು ಒಂದು ಪುಟದ ಪತ್ರ ಕೊಟ್ಟಿದ್ದಾರೆ, ಅದು ಎರಡು ಸಲ ಉಪಯೋಗಕ್ಕೆ ಬಂದಿದೆ. ವಿಡಿಯೋ ಮೂಲಕ ನಡೆದ ಭೇಟಿಗಳು ನನಗೆ ಒಗ್ಗಲಿಲ್ಲ: ಪರದೆಯ ಮೂಲೆಯಲ್ಲಿ ನನ್ನ ಮುಖವೇ ಕಾಣುತ್ತಿದ್ದರೆ, ಒಳಗಿನವರಲ್ಲಿ ಅರ್ಧದಷ್ಟು ಜನ ಅದು ತಮ್ಮ ಮುಖವಲ್ಲವೆಂದು ಗಾಬರಿಯಾಗುತ್ತಾರೆ. ಸ್ವಂತ ಚಿತ್ರವನ್ನು ಮರೆಮಾಡುವ ಗುಂಡಿಯನ್ನು ತೋರಿಸಿಕೊಟ್ಟದ್ದು ಹದಿನೈದರ ಭಾಗ, ಕೇಂದ್ರವಲ್ಲ.

ಫಲವೇನು ಎಂದು ಕೇಳುವವರಿಗೆ. ಡಿಐಡಿಗೆಂದೇ ಇರುವ ಔಷಧ ಯಾವುದೂ ಇಲ್ಲ. ಖಿನ್ನತೆಗೆ, ದುಃಸ್ವಪ್ನಕ್ಕೆ ಕೊಡುವ ಮಾತ್ರೆಗಳು ಆಯಾ ಕೆಲಸವನ್ನಷ್ಟೇ ಮಾಡುತ್ತವೆ. ಮನೋಚಿಕಿತ್ಸೆಯ ಬಗ್ಗೆ, ಅಮೆರಿಕದ ಮನೋವಿಜ್ಞಾನಿ ಬೆಥನಿ ಬ್ರ್ಯಾಂಡ್ ಮತ್ತು ಸಂಗಡಿಗರು 280 ರೋಗಿಗಳೊಂದಿಗೆ ಆರಂಭಿಸಿ 30 ತಿಂಗಳು ನಡೆಸಿದ ಅಧ್ಯಯನದಲ್ಲಿ ಡಿಸೋಸಿಯೇಷನ್, ಖಿನ್ನತೆ, ಸ್ವಹಾನಿ ಮತ್ತು ಆಸ್ಪತ್ರೆಗೆ ಸೇರುವುದು ಕಡಿಮೆಯಾದದ್ದು ಕಂಡಿದೆ. ಹೋಲಿಕೆಗೆ ಚಿಕಿತ್ಸೆಯಿಲ್ಲದ ಗುಂಪು ಇರಲಿಲ್ಲ ಎಂಬ ಮಿತಿ ಅದಕ್ಕಿದೆ. ನನ್ನ ಮಟ್ಟಿಗೆ, ಕಳೆದ ಹದಿನಾಲ್ಕು ತಿಂಗಳಲ್ಲಿ ಒಂದು ಪೂರ್ತಿ ದಿನ ಕಾಣೆಯಾಗಿಲ್ಲ. ಕೆಲಸ ಉಳಿದಿದೆ. ಎಲ್ಲ ಭಾಗಗಳೂ ಬೆರೆತು ಒಂದಾಗಬೇಕೇ ಎಂಬ ಪ್ರಶ್ನೆಗೆ ಅವರು ಹೌದೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಎರಡು ಭಾಗಗಳು ಯಾವ ಸಮಾರಂಭವೂ ಇಲ್ಲದೆ ಒಂದು ಸಂಜೆ ಬೆರೆತವು, ನನಗೆ ತಿಳಿದದ್ದು ವಾರದ ಬಳಿಕ, ಒಂದು ಹಳೆಯ ರಾಗಕ್ಕೆ ಅಳುವೂ ಬಂದು ಪದಗಳೂ ನೆನಪಾದಾಗ. ಉಳಿದ ಐವರು ಒಟ್ಟಿಗೆ ಒಂದು ನೋಟುಪುಸ್ತಕದಲ್ಲಿ ಬರೆದು ಬಾಳುವೆ ನಡೆಸುತ್ತಿದ್ದೇವೆ.

ಈ ವಿಮರ್ಶೆಯ ಕರಡನ್ನು ಆ ಪುಸ್ತಕದಲ್ಲಿ ಅಂಟಿಸಿ, ಐದರಲ್ಲಿ ಎಷ್ಟು ನಕ್ಷತ್ರ ಕೊಡಬೇಕೆಂದು ಕೇಳಿದ್ದೆ. ನಾನು ನಾಲ್ಕೂವರೆ ಎಂದಿದ್ದೆ. ಮಗು ನಕ್ಷತ್ರಗಳನ್ನು ಪುಟದ ತುಂಬ ಬಿಡಿಸಿದೆ, ಎಣಿಸಿಲ್ಲ. ಹದಿನೈದರದು ಮೂರು, ಕಾರಣ ಬರೆದಿಲ್ಲ. ಇನ್ನೊಬ್ಬರು ಅಭಿಪ್ರಾಯ ಹೇಳಲು ಒಪ್ಪಲಿಲ್ಲ. ಕಾವಲು ಎರಡು ಎಂದು ಬರೆದು, ಆ ಮೊದಲ ವಾರದ ಶುಲ್ಕ ವಾಪಸು ಬಂದರೆ ಮತ್ತೆ ಯೋಚಿಸುವುದಾಗಿ ಕೆಳಗೆ ಸೇರಿಸಿದೆ. ಸಂದೇಶ ಕಳುಹಿಸಿದ್ದು ನೀವೇ ಎಂದು ಪಕ್ಕದಲ್ಲಿ ಬರೆದಿಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.